ಗುರುವನ್ನು ಅರಸಿ ಹೊರಟವರು

ಮಗುವಿಗೆ ಸಂಗೀತ ಕಲಿಸಬೇಕೆಂದು ಮನಸ್ಸು ಮಾಡಿದ ತಂದೆತಾಯಿಯರು ಮೊದಲು ಕೇಳುವ ಪ್ರಶ್ನೆ ‘ಯಾರ ಹತ್ತಿರ ಕಳಿಸೋಣ?’ ಎಂಬುದು. ಅದರ ಹಿಂದೆಯೇ ಇನ್ನು ಕೆಲವು ಪ್ರಶ್ನೆಗಳು ಬರುತ್ತವೆ. ಫೀಸು ಎಷ್ಟು? ವಾರಕ್ಕೆ ಎಷ್ಟು ದಿನ ಪಾಠ? ಪರೀಕ್ಷೆಗೆ ಕೂರಿಸುತ್ತಾರೆಯೇ? ವೇದಿಕೆ ಹತ್ತಲು ಎಷ್ಟು ವರ್ಷ ಬೇಕು? ಆದರೆ ‘ಇವರು ಹೇಗೆ ಕಲಿಸುತ್ತಾರೆ? ನಮ್ಮ ಮಗುವಿನ ಕಂಠಕ್ಕೂ ಸ್ವಭಾವಕ್ಕೂ ಇವರ ಪಾಠ ಒಗ್ಗುತ್ತದೆಯೇ?’ ಎಂದು ಕೇಳುವವರು ಕಡಿಮೆ.

ಸುಮಾರು ನೂರು ವರ್ಷಗಳ ಹಿಂದೆ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಕೆಲವರು ಇದೇ ಪ್ರಶ್ನೆಗಳನ್ನು ಹೊತ್ತು ಊರೂರು ಅಲೆದರು. ಆಗ ಸಂಗೀತ ಶಾಲೆಗಳು ಬೆರಳೆಣಿಕೆಯಷ್ಟಿದ್ದವು. ವಿದ್ಯೆ ಇದ್ದದ್ದು ಕೆಲವೇ ಮನೆತನಗಳಲ್ಲಿ, ಅವುಗಳಲ್ಲಿ ಬಹುಪಾಲು ಮುಸ್ಲಿಂ ಉಸ್ತಾದರ ಮನೆತನಗಳು. ಕಲಿಯಲು ಬಂದವರು ಬ್ರಾಹ್ಮಣರು, ಲಿಂಗಾಯತರು, ಸಮಾಜ ಹಗುರವಾಗಿ ಕಾಣುತ್ತಿದ್ದ ಕುಟುಂಬಗಳ ಹೆಣ್ಣುಮಕ್ಕಳು. ಇವರ ನಡುವೆ ವಿದ್ಯೆ ಹೇಗೆ ಕೈ ದಾಟಿತು ಎಂಬ ಚರಿತ್ರೆಯನ್ನು ನಾವು ಮತ್ತೊಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

ಉಸ್ತಾದರು ಬಂದ ದಾರಿ

ಹಿಂದೂಸ್ತಾನಿ ಸಂಗೀತ ಕನ್ನಡ ನಾಡಿಗೆ ಬರಲು ಮೈಸೂರಿನ ಅರಮನೆಯೂ ರೈಲು ದಾರಿಯೂ ಕಾರಣವಾದವು. ಆಗ್ರಾ ಘರಾಣೆಯ ನತ್ಥನ್ ಖಾನ್ ಮೈಸೂರಿನ ಆಸ್ಥಾನದಲ್ಲಿದ್ದು, 1901ರಲ್ಲಿ ಅಲ್ಲಿಯೇ ತೀರಿಕೊಂಡರು. ಅರಮನೆಯ ಆಹ್ವಾನದ ಮೇಲೆ ಉತ್ತರದಿಂದ ಬರುತ್ತಿದ್ದ ಗಾಯಕರು ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿದು ಮುಂದೆ ಹೋಗುತ್ತಿದ್ದರು. ಅಲ್ಲಿನ ರಸಿಕರ ಮನೆಗಳಲ್ಲಿ ಬೈಠಕ್ಕುಗಳು ನಡೆಯುತ್ತಿದ್ದವು. ಕಿರಾನಾದ ಅಬ್ದುಲ್ ಕರೀಂ ಖಾನ್ (1872-1937) ಮೀರಜನ್ನೇ ತಮ್ಮ ಊರಾಗಿಸಿಕೊಂಡರು. ಅವರ ಸಮಾಧಿ ಅಲ್ಲಿನ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿದೆ. ಬಂದೇ ಅಲಿ ಖಾನರ ಶಿಷ್ಯರಾದ ಸಿತಾರ ರತ್ನ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆಸಿ ಊರಿನ ಮನೆಗಳಿಗೆ ಸಿತಾರನ್ನು ಪರಿಚಯಿಸಿದರು. ಅವರ ಮೊಮ್ಮಗ, 2007ರಲ್ಲಿ ನಮ್ಮನ್ನಗಲಿದ ಬಾಲೆ ಖಾನ್ ಅವರನ್ನು ಆಕಾಶವಾಣಿಯ ಕೇಳುಗರು ಮರೆತಿರಲಾರರು.

ಉಸ್ತಾದರು ಊರಿಗೆ ಬಂದರೂ ವಿದ್ಯೆ ಸುಲಭವಾಗಿ ಸಿಗುತ್ತಿರಲಿಲ್ಲ. ‘ಖಾಸ್ ತಾಲೀಮು’ ಎಂಬುದು ಮಕ್ಕಳಿಗೆ, ಅಳಿಯಂದಿರಿಗೆ, ತೀರ ಹತ್ತಿರದವರಿಗೆ ಮೀಸಲು. ಉಳಿದವರಿಗೆ ಮೇಲುಮೇಲಿನ ಪಾಠ. ಇದನ್ನು ಇಂದು ಕೆಲವರು ಸಂಕುಚಿತ ಬುದ್ಧಿ ಎಂದು ಟೀಕಿಸುತ್ತಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಪೂರ್ತಿ ಸತ್ಯ ಅದಲ್ಲ. ಹೊಲ ಇರುವವನು ಮಗನಿಗೆ ಹೊಲ ಬಿಟ್ಟುಹೋಗುತ್ತಾನೆ, ಅಂಗಡಿ ಇರುವವನು ಅಂಗಡಿ ಬಿಟ್ಟುಹೋಗುತ್ತಾನೆ. ಅರಸರ ಮರ್ಜಿಯ ಮೇಲೆ ಬದುಕುತ್ತಿದ್ದ ಗವಾಯಿಗೆ ಮಗನಿಗೆ ಬಿಟ್ಟುಹೋಗಲು ಬಂದಿಶುಗಳ ಹೊರತು ಬೇರೇನೂ ಇರಲಿಲ್ಲ. ಆದ್ದರಿಂದ ನಾವು ಗಮನಿಸಬೇಕಾದದ್ದು ಅವರು ಎಷ್ಟನ್ನು ಮುಚ್ಚಿಟ್ಟರು ಎಂಬುದನ್ನು ಮಾತ್ರವಲ್ಲ. ಮನೆಯ ಆಸ್ತಿಯನ್ನು ಮನೆಯ ಹೊರಗಿನವರಿಗೆ, ಅನ್ಯಧರ್ಮೀಯರಿಗೆ ಎಷ್ಟು ಕೊಟ್ಟರು ಎಂಬುದನ್ನೂ ಗಮನಿಸಬೇಕು. ಧಾರವಾಡದಲ್ಲಿ ಕೆಲಕಾಲ ಶಿಕ್ಷಕರಾಗಿದ್ದ ಭಾಸ್ಕರಬುವಾ ಬಖಲೆ (1869-1922) ಫೈಜ್ ಮಹಮ್ಮದ್ ಖಾನ್, ನತ್ಥನ್ ಖಾನ್ ಮತ್ತು ಅಲ್ಲಾದಿಯಾ ಖಾನ್ ಎಂಬ ಮೂವರು ಉಸ್ತಾದರಿಂದ ಕಲಿತವರು.

ಕುಂದಗೋಳದ ರಾಮಭಾವು

ಕುಂದಗೋಳದ ರಾಮಚಂದ್ರ, ಮುಂದೆ ಸವಾಯಿ ಗಂಧರ್ವ (1886-1952) ಎಂದು ಹೆಸರಾದವರು, ಅಬ್ದುಲ್ ಕರೀಂ ಖಾನರ ಶಿಷ್ಯರಾದದ್ದು ಒಂದು ಕರಾರಿನ ಮೇಲೆ. ಕನಿಷ್ಠ ಎಂಟು ವರ್ಷ ಬಿಡದೆ ಕಲಿಯಬೇಕು ಎಂಬುದು ಖಾನ್ ಸಾಹೇಬರ ಷರತ್ತು. ಇಂದಿನ ಪೋಷಕರು ಈ ಮಾತು ಕೇಳಿದರೆ ಹೌಹಾರಿಯಾರು. ಆದರೆ ಇದರ ಹಿಂದೆ ಒಂದು ತಿಳಿವಳಿಕೆಯಿತ್ತು. ಕಂಠ ಪಳಗಲು ವರ್ಷಗಳು ಬೇಕು. ಅರ್ಧದಲ್ಲಿ ಬಿಟ್ಟುಹೋಗುವವನಿಗೆ ಕಲಿಸಿದರೆ ಗುರುವಿನ ಶ್ರಮವೂ ವ್ಯರ್ಥ, ಶಿಷ್ಯನ ಕಾಲವೂ ವ್ಯರ್ಥ.

ರಾಮಭಾವು ಅವರದು ಹುಟ್ಟಿನಿಂದ ಇಂಪಾದ ಕಂಠವಲ್ಲ. ಹರೆಯದಲ್ಲಿ ಒಡೆದ, ಒರಟಾದ ದನಿ. ಅದನ್ನು ಪಳಗಿಸಿದ್ದು ಗುರುವಿನ ತಾಳ್ಮೆ ಮತ್ತು ಶಿಷ್ಯನ ರಿಯಾಜು. ಮುಂದೆ ಗುರುವಿನ ಮನಸ್ಸಿಗೆ ಒಪ್ಪದಿದ್ದರೂ ಅವರು ಮರಾಠಿ ನಾಟಕ ಕಂಪನಿ ಸೇರಿ ಸ್ತ್ರೀ ಪಾತ್ರಗಳಲ್ಲಿ ಪ್ರಸಿದ್ಧರಾದರು. ಅಂದರೆ ಆ ಕಾಲದ ಗುರು-ಶಿಷ್ಯ ಸಂಬಂಧವೂ ನಾವು ಕಲ್ಪಿಸಿಕೊಂಡಷ್ಟು ನಿಷ್ಕಂಟಕವಾಗಿರಲಿಲ್ಲ. ಅಲ್ಲೂ ಮುನಿಸುಗಳಿದ್ದವು, ಹೊಟ್ಟೆಪಾಡಿನ ಒತ್ತಡಗಳಿದ್ದವು. ಆದರೆ ಕಲಿತದ್ದು ಉಳಿಯಿತು. ನಾಟಕ ಬಿಟ್ಟು ಕುಂದಗೋಳಕ್ಕೆ ಮರಳಿದ ಮೇಲೆ ಅವರೇ ಒಬ್ಬ ದೊಡ್ಡ ಗುರುವಾದರು.

ಗದಗದ ಹುಡುಗನ ಅಲೆದಾಟ

1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕಥೆ ಕನ್ನಡಿಗರಿಗೆ ಹೊಸದಲ್ಲ. ಗದಗದ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಕೇಳಿ, ತಾನೂ ಹೀಗೆ ಹಾಡಬೇಕೆಂದು ಹಟ ತೊಟ್ಟ ಹುಡುಗ, 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟ. ಟಿಕೆಟ್ ಇಲ್ಲದೆ ರೈಲು ಹತ್ತಿ, ಸಹಪ್ರಯಾಣಿಕರಿಗೆ ಹಾಡಿ, ಕೊಟ್ಟದ್ದನ್ನು ತಿಂದು ಉತ್ತರಕ್ಕೆ ಹೊರಟ. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಸಂಗೀತ ಶಾಲೆ ಸೇರಿದ. ಆಮೇಲೆ ದಿಲ್ಲಿ, ಕಲ್ಕತ್ತಾ, ಲಖನೌ, ರಾಂಪುರ ಸುತ್ತಿ ಕೊನೆಗೆ ಜಲಂಧರ್ ತಲುಪಿದ. ಅಲ್ಲಿ ಭೇಟಿಯಾದ ವಿನಾಯಕರಾವ್ ಪಟವರ್ಧನರು ಹೇಳಿದ್ದು ಇಷ್ಟು: ಇಷ್ಟು ದೂರ ಏಕೆ ಬಂದೆ, ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ!

ಗದಗದಿಂದ ಕುಂದಗೋಳ ಎಷ್ಟು ದೂರ? ಹುಡುಗ ಸುತ್ತಿದ್ದಾದರೋ ಅರ್ಧ ಭಾರತ. ಆದರೂ ಆ ಅಲೆದಾಟ ವ್ಯರ್ಥವಾಯಿತು ಎನ್ನಲಾಗದು. ಹಲವರ ಹಾಡು ಕೇಳಿ, ಹಲವು ಪಾಠಗಳನ್ನು ಅರ್ಧರ್ಧ ಕಲಿತು ಬಂದದ್ದರಿಂದಲೇ ತನಗೆ ಬೇಕಾದದ್ದು ಏನು ಎಂಬುದು ಅವರಿಗೆ ತಿಳಿದಿತ್ತು. 1936ರ ಹೊತ್ತಿಗೆ ಸವಾಯಿ ಗಂಧರ್ವರು ಅವರನ್ನು ಶಿಷ್ಯನಾಗಿ ಸ್ವೀಕರಿಸಿದರು. ಮನೆಗೆ ನೀರು ಹೊರುವುದು ಮೊದಲಾದ ಕೆಲಸಗಳ ನಡುವೆ ಪಾಠ ನಡೆಯಿತು. ಆ ವರ್ಷಗಳಲ್ಲಿ ಗುರುಗಳು ಕಲಿಸಿದ್ದು ಹೆಚ್ಚಾಗಿ ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನು. ಎಷ್ಟು ರಾಗ ಬರುತ್ತದೆ ಎಂಬುದಕ್ಕಿಂತ, ಒಂದು ರಾಗದಲ್ಲಿ ಸ್ವರ ಹೇಗೆ ನಿಲ್ಲುತ್ತದೆ ಎಂಬುದು ಅಲ್ಲಿ ಮುಖ್ಯವಾಗಿತ್ತು. ಗುರುಗಳು ತೀರಿಕೊಂಡ ಮರುವರ್ಷ, 1953ರಿಂದ, ಭೀಮಸೇನರು ಪುಣೆಯಲ್ಲಿ ಅವರ ಹೆಸರಿನಲ್ಲಿ ಸಂಗೀತೋತ್ಸವ ನಡೆಸತೊಡಗಿದರು.

ರೈಲಿನಲ್ಲಿ ಪಾಠಕ್ಕೆ ಹೋದ ಅಕ್ಕ

ಗಂಡು ಹುಡುಗ ಮನೆ ಬಿಟ್ಟು ಓಡಿಹೋಗಬಹುದಿತ್ತು. ಹೆಣ್ಣುಮಗಳು ಏನು ಮಾಡಬೇಕಿತ್ತು? 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರಿಗೆ ಗುರುಮನೆಯಲ್ಲಿ ಉಳಿದು ಕಲಿಯುವ ಅನುಕೂಲವಿರಲಿಲ್ಲ. ಶಾಲೆಯ ಓದು ಐದನೇ ಇಯತ್ತೆಗೆ ನಿಂತಿತ್ತು. ತಾಯಿ ಅಂಬಾಬಾಯಿ ಕರ್ನಾಟಕಿ ಸಂಗೀತದ ಒಳ್ಳೆಯ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಆಕೆ ತಮ್ಮ ಹಾಡನ್ನೇ ನಿಲ್ಲಿಸಿದರು. ಸಂಗೀತ ಕಲಿಸುವ ಮನೆಗಳಲ್ಲಿ ಇಂತಹ ತ್ಯಾಗವನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಕಿನ್ನರಿ ವಾದಕ ಕೃಷ್ಣಾಚಾರ್ಯ ಹುಲಗೂರರು ಮತ್ತು ದತ್ತೋಪಂತ ದೇಸಾಯಿಯವರಲ್ಲಿ ಆರಂಭದ ಪಾಠವಾದ ಮೇಲೆ ಗಂಗೂಬಾಯಿ ಸವಾಯಿ ಗಂಧರ್ವರ ಶಿಷ್ಯೆಯಾದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗುವುದು, ಪಾಠ ಮುಗಿಸಿ ರೈಲಿನಲ್ಲೇ ಮರಳುವುದು. ಬೀದಿಯಲ್ಲಿ ‘ಗಾನೇವಾಲಿ’ ಎಂಬ ಮೂದಲಿಕೆ ಕೇಳಿಸಿಕೊಂಡೇ ಈ ಓಡಾಟ ನಡೆಯಿತು. ಒಂದೇ ಪಲ್ಟಾವನ್ನು, ಒಂದೇ ಸ್ವರಗುಚ್ಛವನ್ನು ಸರಿಯಾಗುವವರೆಗೆ ಮತ್ತೆ ಮತ್ತೆ ಹಾಡಿಸುವುದು ಗುರುಗಳ ಕ್ರಮ. ಭೀಮಸೇನರು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಭಾರವಾಯಿತು. ಅಬ್ದುಲ್ ಕರೀಂ ಖಾನರದು ತೆಳುವಾದ, ಮೃದುವಾದ, ಮೇಲು ಸ್ಥಾಯಿಯ ದನಿ. ಅದನ್ನೇ ಅನುಕರಿಸಲು ಹೋಗಿದ್ದರೆ ಗಂಗೂಬಾಯಿಯವರ ಹಾಡು ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಗುರುವಿನ ಪಾಠ ಕಂಠವನ್ನು ಬದಲಿಸಲಿಲ್ಲ. ಇದ್ದ ಕಂಠಕ್ಕೆ ದಾರಿ ತೋರಿಸಿತು. ಒಂದೇ ಗುರುವಿನ ಶಿಷ್ಯರಾದ ಭೀಮಸೇನರ ಹಾಡಿಗೂ ಗಂಗೂಬಾಯಿಯವರ ಹಾಡಿಗೂ ಇರುವ ಅಂತರವನ್ನು ಕೇಳಿದವರೆಲ್ಲ ಬಲ್ಲರು. ಒಳ್ಳೆಯ ಗುರುವಿನ ಗುರುತು ಇದೇ ಎಂದು ನಮಗೆ ತೋರುತ್ತದೆ. ಐದನೇ ಇಯತ್ತೆಗೆ ಓದು ಬಿಟ್ಟ ಈ ತಾಯಿಯ ಹೆಸರಿನಲ್ಲಿ ಮುಂದೆ ಮೈಸೂರಿನಲ್ಲಿ ಒಂದು ಸಂಗೀತ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು.

ಹೆಸರು ಬಂದ ಮೇಲೂ ಶಿಷ್ಯ

ಮಲ್ಲಿಕಾರ್ಜುನ ಮನ್ಸೂರರ ಉದಾಹರಣೆ ಇನ್ನೂ ಬೇರೆ ಬಗೆಯದು. ಮೀರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಪಾಠ ಮುಗಿಸಿದ್ದ ಅವರಿಗೆ ಯೌವನದಲ್ಲೇ ಹೆಸರು ಬಂದಿತ್ತು, ಗ್ರಾಮಫೋನ್ ತಟ್ಟೆಗಳು ಬಂದಿದ್ದವು. ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಅವರು ಮತ್ತೆ ಶಿಷ್ಯನಾಗಿ ಕುಳಿತರು. ಕಲಿತದ್ದನ್ನು ಪಕ್ಕಕ್ಕಿಟ್ಟು ಹೊಸದಾಗಿ ಆರಂಭಿಸುವುದು ಹೆಸರಿಲ್ಲದವನಿಗೆ ಸುಲಭ, ಹೆಸರು ಬಂದವನಿಗೆ ಕಷ್ಟ. 1937ರಲ್ಲಿ ಮಂಜಿ ಖಾನ್ ಅಕಾಲದಲ್ಲಿ ತೀರಿಕೊಂಡಾಗ ಅವರ ಸಹೋದರ ಭುರ್ಜಿ ಖಾನ್ ಮನ್ಸೂರರಿಗೆ ಪಾಠ ಮುಂದುವರಿಸಿದರು. ಅಣ್ಣತಮ್ಮಂದಿರಿಬ್ಬರೂ ಮನೆತನದ ಅಪರೂಪದ ರಾಗಗಳನ್ನು ಒಬ್ಬ ಲಿಂಗಾಯತ ಕನ್ನಡಿಗನಿಗೆ ಧಾರೆ ಎರೆದರು. ಮನ್ಸೂರರು ಕೊನೆಯವರೆಗೂ ಆ ಋಣವನ್ನು ನೆನೆಯುತ್ತಿದ್ದರು. ‘ನನ್ನ ರಸಯಾತ್ರೆ’ ಎಂಬ ಅವರ ಆತ್ಮಕಥೆ ಈ ದಾರಿಯ ದಾಖಲೆ.

ಗದಗದ ಪಂಚಾಕ್ಷರಿ ಗವಾಯಿಗಳು (1892-1944) ಕಣ್ಣಿಲ್ಲದವರು. ಕರ್ನಾಟಕಿ ಸಂಗೀತ ಕಲಿತ ಮೇಲೆ ಹಿಂದೂಸ್ತಾನಿಯತ್ತ ತಿರುಗಿ, ಕಿರಾನಾದ ಅಬ್ದುಲ್ ವಹೀದ್ ಖಾನರಿಂದಲೂ ಪಾಠ ಪಡೆದರು. ಕಲಿತದ್ದನ್ನು ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳಿಗೆ ಊಟ ಹಾಕಿ ಕಲಿಸಿದರು. ಫೀಸು ಕೊಡಲಾರದವರಿಗೂ ಗುರು ಸಿಗಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಅವರ ಶಿಷ್ಯ ಬಸವರಾಜ ರಾಜಗುರು (1917-1991) ಒಬ್ಬ ಗುರುವಿಗೆ ನಿಲ್ಲದೆ, ಸವಾಯಿ ಗಂಧರ್ವರು, ಸುರೇಶಬಾಬು ಮಾನೆ ಮೊದಲಾದ ಹಲವರ ಬಳಿ ಕಲಿತರು. ಉಸ್ತಾದರನ್ನು ಅರಸಿ ಅವಿಭಜಿತ ಭಾರತದ ಕರಾಚಿಯವರೆಗೂ ಹೋದರು. ಅಂದರೆ ಒಬ್ಬನೇ ಗುರುವಿಗೆ ಅಂಟಿಕೊಂಡವರೂ ಗೆದ್ದಿದ್ದಾರೆ, ಹಲವರಿಂದ ಕಲಿತವರೂ ಗೆದ್ದಿದ್ದಾರೆ. ಎಲ್ಲರಿಗೂ ಒಪ್ಪುವ ಒಂದೇ ಸೂತ್ರ ಚರಿತ್ರೆಯಲ್ಲಿ ಸಿಗುವುದಿಲ್ಲ.

ಶಾಲೆಯೋ, ಮನೆಪಾಠವೋ?

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಸಂಗೀತ ಕಾಲೇಜು ಆರಂಭವಾಯಿತು. ಸ್ವರಲಿಪಿ, ಪಠ್ಯಕ್ರಮ, ಪರೀಕ್ಷೆ, ಪ್ರಮಾಣಪತ್ರಗಳು ಬಂದವು. ಉಸ್ತಾದರೆಲ್ಲ ಇದನ್ನು ವಿರೋಧಿಸಿದರು ಎಂಬ ಮಾತು ಸರಿಯಲ್ಲ. ಸ್ವತಃ ಅಬ್ದುಲ್ ಕರೀಂ ಖಾನರೇ 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ನಡೆಸಿದರು. ಶಾಲೆಗಳಿಂದ ಲಾಭವೂ ಆಯಿತು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಹಾಡಲು ಕಲಿತರು, ವಿದ್ಯೆಯ ಬಾಗಿಲು ಮನೆತನದ ಹೊರಗಿನವರಿಗೆ ತೆರೆಯಿತು. ನಷ್ಟವೂ ಆಯಿತು. ಒಬ್ಬ ವಿದ್ಯಾರ್ಥಿಯ ಕಂಠದ ಕಷ್ಟವನ್ನು ಆಲಿಸುವ ಕಿವಿ ತರಗತಿಯ ಗದ್ದಲದಲ್ಲಿ ಮರೆಯಾಯಿತು.

ಹಾಗಾದರೆ ಇಂದು ಮಗುವಿಗೆ ಗುರುವನ್ನು ಹುಡುಕುವವರು ಈ ಚರಿತ್ರೆಯಿಂದ ಏನು ಕಲಿಯಬಹುದು? ದೊಡ್ಡ ಗಾಯಕರೆಲ್ಲ ಒಳ್ಳೆಯ ಗುರುಗಳಾಗಬೇಕಿಲ್ಲ. ಗುರುವಿನ ಹಾಡಿಗಿಂತ ಮೊದಲು ಅವರ ಶಿಷ್ಯರ ಹಾಡು ಕೇಳುವುದು ಲೇಸು. ಶಿಷ್ಯರೆಲ್ಲ ಒಂದೇ ಅಚ್ಚಿನಲ್ಲಿ ಹಾಡುತ್ತಿದ್ದರೆ ಯೋಚಿಸಬೇಕು. ಆರು ತಿಂಗಳಲ್ಲಿ ಹತ್ತು ರಾಗ ಕಲಿಸುವೆನೆನ್ನುವವರಿಗಿಂತ ಒಂದು ರಾಗದಲ್ಲಿ ವರ್ಷ ಕಳೆಯುವವರು ಮೇಲು. ದೂರದ ಹೆಸರಿಗೆ ಮಾರುಹೋಗುವ ಮೊದಲು ಪಕ್ಕದ ಬೀದಿಯಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಹಾಗೆಂದು ಗುರುಭಕ್ತಿಯ ಹೆಸರಿನಲ್ಲಿ ಮಗುವನ್ನು ಹೊಡೆಯುವುದನ್ನು, ಅವಮಾನಿಸುವುದನ್ನು, ಮನೆಗೆಲಸಕ್ಕೆ ಹಚ್ಚುವುದನ್ನು ನಾವು ಇಂದು ಒಪ್ಪಬೇಕಿಲ್ಲ. ನೀರು ಹೊತ್ತದ್ದರಿಂದ ಭೀಮಸೇನರು ಗಾಯಕರಾಗಲಿಲ್ಲ. ತೋಡಿಯನ್ನು ದಿನವಿಡೀ ಹಾಡಿದ್ದರಿಂದ ಆದರು.

ಕೊನೆಯದಾಗಿ ಒಂದು ಮಾತು. ಸಂಗೀತದ ಬಗ್ಗೆ ಮುಸ್ಲಿಂ ಸಮುದಾಯದೊಳಗೆ ಹಿಂದಿನಿಂದಲೂ ಭಿನ್ನಾಭಿಪ್ರಾಯಗಳಿವೆ. ಅದು ಬೇರೆ ಚರ್ಚೆ. ಆದರೆ ಕನ್ನಡ ನಾಡಿನ ಹೆಮ್ಮೆ ಎಂದು ನಾವೆಲ್ಲ ಹೇಳಿಕೊಳ್ಳುವ ಧಾರವಾಡದ ಗಾಯನ ಪರಂಪರೆ ಉಸ್ತಾದರ ಮನೆಗಳಿಂದ ಹರಿದು ಬಂತು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಕೊಟ್ಟವರು ಶಿಷ್ಯನ ಜಾತಿ, ಧರ್ಮ ಕೇಳಲಿಲ್ಲ. ಪಡೆದವರು ಗುರುವಿನ ಧರ್ಮ ಕೇಳಲಿಲ್ಲ. ಇಂದು ನೆರೆಮನೆಗೆ ಹೋಗುವ ಮೊದಲು ಹೆಸರು ಕೇಳುವ ಕಾಲ ಬಂದಿದೆ. ಮಗುವಿಗೆ ಗುರುವನ್ನು ಹುಡುಕುವಾಗಲಾದರೂ ಆ ಪ್ರಶ್ನೆಯನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಹೋಗೋಣ.