ಮುಳುಗಿದ ಹಡಗು ನೋಡಲು ಡೈವಿಂಗ್: ನೀರಿಗಿಳಿಯುವ ಮುನ್ನ, ಊರಿನ ವಿಮಾನ ಹತ್ತುವ ಮುನ್ನ ತಿಳಿದಿರಬೇಕಾದದ್ದು

ವಿಮಾನ ಪ್ರಯಾಣ ಎಲ್ಲರ ಕೈಗೆಟಕುವ ಮೊದಲು ಗಲ್ಫ್‌ಗೆ ಹೋಗುವವರು ಬೊಂಬಾಯಿಯಿಂದ ಹಡಗು ಹತ್ತುತ್ತಿದ್ದರು. ಆ ದಾರಿಯಲ್ಲಿ ಓಡಾಡುತ್ತಿದ್ದ ಹಡಗುಗಳಲ್ಲಿ ‘ದಾರಾ’ ಒಂದು. 1961ರ ಎಪ್ರಿಲ್ 7ರಂದು ಅದು ದುಬೈ ಬಳಿ ಲಂಗರು ಹಾಕಿದ್ದಾಗ ಬಿರುಗಾಳಿ ಎದ್ದಿತು. ಹಡಗು ಆಳ ಕಡಲಿಗೆ ಸರಿಯಬೇಕಾಯಿತು. ಬೀಳ್ಕೊಡಲು ಬಂದಿದ್ದ ಸಂಬಂಧಿಕರು, ವ್ಯಾಪಾರಿಗಳು, ಸರಕು ಇಳಿಸುವ ಕೂಲಿಗಳು ಇಳಿಯಲಾಗದೆ ಒಳಗೇ ಉಳಿದರು. ಮರುದಿನ ನಸುಕಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿಕೊಂಡಿತು. ಹಡಗಿನಲ್ಲಿದ್ದ 819 ಮಂದಿಯಲ್ಲಿ 238 ಮಂದಿ ಮೃತಪಟ್ಟರು. ಬೇರೆ ಹಡಗು ಎಳೆದೊಯ್ಯುತ್ತಿದ್ದಾಗ, ಎಪ್ರಿಲ್ 10ರಂದು ದಾರಾ ಮುಳುಗಿತು. ಯಾರೋ ಬೇಕೆಂದೇ ಇಟ್ಟ ಸ್ಫೋಟಕ ಇದಕ್ಕೆ ಕಾರಣ ಎಂದು ಬ್ರಿಟಿಷ್ ತನಿಖೆ ಹೇಳಿತು.

ಅದರ ಅವಶೇಷ ಇಂದಿಗೂ ಯುಎಇ ಕಡಲ ತಳದಲ್ಲಿದೆ, ಸ್ಕೂಬಾ ಡೈವರ್‌ಗಳು ನೋಡಲು ಹೋಗುತ್ತಾರೆ. ಫುಜೈರಾ ಕಡಲಲ್ಲಿ ಡೈವಿಂಗ್‌ಗಾಗಿಯೇ ಮುಳುಗಿಸಿದ ‘ಇಂಚ್‌ಕೇಪ್ 1’ ಇನ್ನೂ ಆಳದಲ್ಲಿ, ಸುಮಾರು 30 ಮೀಟರ್ ಕೆಳಗಿದೆ. ಮುರ್ಡೇಶ್ವರದ ನೇತ್ರಾಣಿಯಲ್ಲಿ ಒಂದು ಸಲ ತರಬೇತುದಾರರ ಕೈಹಿಡಿದು ಮುಳುಗಿ ಬಂದವರಿಗೆ ಇಂಥ ಹಡಗನ್ನೂ ನೋಡಿಬಿಡೋಣ ಅನ್ನಿಸುವುದು ಸಹಜ. ಆದರೆ ಎರಡೂ ಒಂದೇ ಅಲ್ಲ. ಚೆನ್ನಾಗಿ ಈಜು ಬರುತ್ತದೆ ಅನ್ನುವುದೊಂದೇ ಇಲ್ಲಿ ಸಾಲದು.

ಆಳದಲ್ಲಿ ಏನಾಗುತ್ತದೆ?

ಪ್ರತಿ 10 ಮೀಟರಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. 30 ಮೀಟರಿನಲ್ಲಿ ಒಟ್ಟು ಒತ್ತಡ ನಾಲ್ಕು ಪಟ್ಟು. ಹಾಗಾಗಿ ಸಿಲಿಂಡರಿನ ಗಾಳಿಯೂ ನಾಲ್ಕು ಪಟ್ಟು ಬೇಗ ಮುಗಿಯುತ್ತದೆ. ಈ ಆಳದಲ್ಲಿ ಗಾಳಿಯ ನೈಟ್ರೋಜನ್ ಅಮಲಿನಂತೆ ತಲೆಗೇರಬಹುದು. ಗಾಳಿಯ ಮೀಟರ್ ನೋಡಿದರೂ ಅರ್ಥವಾಗದಷ್ಟು ಮಂಕು ಕವಿಯಬಹುದು. ಹಡಗಿನ ಒಳಗಂತೂ ನೇರವಾಗಿ ಮೇಲೇರಲು ದಾರಿ ಇರುವುದಿಲ್ಲ. ಕಾಲು ತಾಗಿ ಕೆಸರೆದ್ದರೆ ಬಂದ ಬಾಗಿಲೇ ಕಾಣದು. ಸಿಕ್ಕಿಹಾಕಿಕೊಂಡ ಬಲೆ, ತುಕ್ಕು ಹಿಡಿದ ಚೂಪು ತಗಡು ಬೇರೆ.

ಮೊದಲ ಹಂತದ ‘ಓಪನ್ ವಾಟರ್’ ತರಬೇತಿ ಪಡೆದವರಿಗೆ 18 ಮೀಟರ್, ಮುಂದಿನ ‘ಅಡ್ವಾನ್ಸ್‌ಡ್’ ಹಂತದವರಿಗೆ 30 ಮೀಟರ್, ಹವ್ಯಾಸಿ ಡೈವಿಂಗ್‌ಗೆ ಒಟ್ಟಾರೆ 40 ಮೀಟರ್ ಮಿತಿ. ಹಡಗಿನೊಳಗೆ ಹೋಗಲು ಪ್ರತ್ಯೇಕ ತರಬೇತಿ ಬೇಕು. ಅದಿಲ್ಲದವರು ಹೊರಗಿನಿಂದ ನೋಡಿ ಬರಬೇಕು, ಅಷ್ಟೇ.

ಇಳಿಯುವುದಕ್ಕಿಂತ ಏರುವುದೇ ಕಷ್ಟ

ಒತ್ತಡದಲ್ಲಿ ನೈಟ್ರೋಜನ್ ರಕ್ತಕ್ಕೂ ಅಂಗಾಂಶಗಳಿಗೂ ಸೇರಿಕೊಳ್ಳುತ್ತದೆ. ಬೇಗ ಮೇಲೆ ಬಂದರೆ, ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ, ಅದು ದೇಹದೊಳಗೆ ಗುಳ್ಳೆಯಾಗುತ್ತದೆ. ಕೀಲುನೋವು, ಜೋಮು, ತಲೆಸುತ್ತು ಇದರ ಲಕ್ಷಣ. ಪಾರ್ಶ್ವವಾಯು, ಸಾವೂ ಸಂಭವಿಸಬಹುದು. ಅದಕ್ಕೇ ನಿಧಾನವಾಗಿ ಏರಿ, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದು ರೂಢಿ. ಗಾಬರಿಯಾಗಿ ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶವೇ ಹರಿಯಬಹುದು. ಲಕ್ಷಣ ಕಂಡರೆ ಆಕ್ಸಿಜನ್ ಕೊಟ್ಟು, ಒತ್ತಡದ ಕೋಣೆ ಇರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ‘ಸುಸ್ತು, ಮಲಗಿದರೆ ಸರಿಹೋಗುತ್ತೆ’ ಅನ್ನಬಾರದು.

ಗಲ್ಫ್‌ನಲ್ಲಿರುವವರು ಮರೆಯಬಾರದ ಇನ್ನೊಂದು ಮಾತಿದೆ. ವಿಮಾನದೊಳಗೆ ಗಾಳಿಯ ಒತ್ತಡ ನೆಲದ ಮೇಲಿಗಿಂತ ಕಡಿಮೆ. ದೇಹದಲ್ಲಿ ಉಳಿದ ನೈಟ್ರೋಜನ್ ಅಲ್ಲಿ ಗುಳ್ಳೆಯಾಗಬಹುದು. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. 24 ಗಂಟೆ ಕಾದರೆ ಇನ್ನೂ ಒಳ್ಳೆಯದು. ಶುಕ್ರವಾರ ಸಂಜೆ ಡೈವಿಂಗ್, ರಾತ್ರಿಯೇ ಮಂಗಳೂರು ವಿಮಾನ ಅನ್ನುವ ಲೆಕ್ಕಾಚಾರ ಬೇಡ.

ಅಸ್ತಮಾ, ಹೃದಯದ ತೊಂದರೆ, ಅಪಸ್ಮಾರ ಇರುವವರು ಅದನ್ನು ಮುಚ್ಚಿಟ್ಟು ಫಾರ್ಮ್‌ಗೆ ಸಹಿ ಹಾಕಬಾರದು. ವೈದ್ಯರ ಒಪ್ಪಿಗೆ ಪಡೆಯಬೇಕು. ಆಕ್ಸಿಜನ್ ಕಿಟ್ ಬೋಟಿನಲ್ಲಿದೆಯೇ, ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಎಂದು ಹಣ ಕಟ್ಟುವ ಮೊದಲೇ ಕೇಳಬೇಕು.

ದಾರಾದಂಥ ಹಡಗಿನಿಂದ ನೆನಪಿಗೆಂದು ಏನನ್ನೂ ಎತ್ತಿ ತರುವುದು ಸಲ್ಲದು. ದುಡಿಮೆಗಾಗಿ ಕಡಲು ದಾಟಿದವರೂ ಅವರ ಮನೆಯವರೂ ಕೊನೆಯುಸಿರೆಳೆದ ಜಾಗ ಅದು.