86ನೇ ವಾರ್ಡಿನ ಔಷಧ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟಿಎಚ್‌ಸಿ

ಗಾಂಜಾಕ್ಕೆ ಅಮಲಿನ ಗುಣ ಬರುವುದು ಮುಖ್ಯವಾಗಿ ಟಿಎಚ್‌ಸಿ ಎಂಬ ರಾಸಾಯನಿಕದಿಂದ. ಇಸ್ರೇಲಿನ ವಿಜ್ಞಾನಿಗಳಾದ ರಫಾಯೆಲ್ ಮೆಚೌಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ, ರಚನೆಯನ್ನು ಗುರುತಿಸಿದರು. ಮೆದುಳಿನಲ್ಲಿ ಅದು ಹೋಗಿ ಕೂರುವ ಗ್ರಾಹಕಗಳಿಗೆ ಸ್ಪಷ್ಟ ಪುರಾವೆ ಸಿಕ್ಕಿದ್ದು 1988ರಲ್ಲಿ. ಈ ಎರಡು ವರ್ಷಗಳ ನಡುವೆ ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಏಡ್ಸ್ ಬಂದೆರಗಿತು. ಟಿಎಚ್‌ಸಿ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಆ ಊರು ಪ್ರಯೋಗಾಲಯಕ್ಕಿಂತ ಮೊದಲು ರೋಗಿಗಳಿಂದಲೇ ಕಲಿಯಿತು.

ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯ 86ನೇ ವಾರ್ಡ್ 1983ರಲ್ಲಿ ಏಡ್ಸ್ ಹೊರರೋಗಿಗಳಿಗಾಗಿ ತೆರೆಯಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹರೆಯದ ಗಂಡಸರು. ಊಟ ಸೇರದೆ, ತಿಂದದ್ದು ನಿಲ್ಲದೆ, ಕಣ್ಣೆದುರೇ ಸೊರಗಿಹೋಗುತ್ತಿದ್ದರು. ಹೋಟೆಲಿನಲ್ಲಿ ಪರಿಚಾರಿಕೆಯಾಗಿ ದುಡಿದಿದ್ದ ಮೇರಿ ಜೇನ್ ರಾತ್‌ಬನ್ ಇವರಿಗೆ ಆಸರೆಯಾದರು. ಗಾಂಜಾ ಬೆರೆಸಿದ ಬ್ರೌನಿ ಮಾರಿದ್ದಕ್ಕೆ 1981ರಲ್ಲಿ ಬಂಧಿತರಾಗಿ, ಸಮಾಜಸೇವೆಯ ಶಿಕ್ಷೆಗೆ ಒಳಗಾಗಿದ್ದ ಈ ಹೆಂಗಸು ಮುಂದೆ 86ನೇ ವಾರ್ಡಿನ ಸ್ವಯಂಸೇವಕಿಯಾದರು. ಮಗಳನ್ನು ಅಪಘಾತದಲ್ಲಿ ಕಳೆದುಕೊಂಡಿದ್ದ ಆಕೆಗೆ ರೋಗಿಗಳೇ ಮಕ್ಕಳು. ಅವರಿಗೆ ಕೊಡುವ ಬ್ರೌನಿಗೆ ಕಾಸು ಮುಟ್ಟುತ್ತಿರಲಿಲ್ಲ. ಜನ ಆಕೆಯನ್ನು ಬ್ರೌನಿ ಮೇರಿ ಎಂದೇ ಕರೆದರು.

ಆ ಬ್ರೌನಿ ಕೆಲಸ ಮಾಡುತ್ತಿದ್ದ ಬಗೆ ಹೀಗೆ. ಹಸಿ ಗಿಡದಲ್ಲಿ ಟಿಎಚ್‌ಸಿ ಬಹುಪಾಲು ಆಮ್ಲ ರೂಪದಲ್ಲಿರುತ್ತದೆ. ಕಾವು ತಗುಲಿದಾಗಲೇ ಅಮಲಿನ ರೂಪಕ್ಕೆ ತಿರುಗುತ್ತದೆ. ಅದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಬೆಣ್ಣೆ ಅದಕ್ಕೆ ಒಳ್ಳೆಯ ವಾಹಕ. ಹೊಟ್ಟೆಗೆ ಹೋದ ಟಿಎಚ್‌ಸಿ ಮೊದಲು ಯಕೃತ್ತನ್ನು ಹಾದು, ಅಲ್ಲಿ ಒಂದು ಪಾಲು ಅಷ್ಟೇ ಪ್ರಬಲವಾದ ಮತ್ತೊಂದು ರೂಪ ತಾಳುತ್ತದೆ. ಹಾಗಾಗಿ ಪರಿಣಾಮ ಕಾಣಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿದರೂ ಅದು ತಾಸುಗಟ್ಟಲೆ ಉಳಿಯುತ್ತದೆ. ಸೇದಿದರೆ ಶ್ವಾಸಕೋಶದಿಂದ ನಿಮಿಷಗಳಲ್ಲೇ ಮೆದುಳಿಗೆ ತಲುಪಿ, ಬೇಗ ಇಳಿಯುತ್ತದೆ. ಮೆದುಳಿನಲ್ಲಿ ಗ್ರಾಹಕಗಳು ಎಲ್ಲೆಲ್ಲಿವೆಯೋ ಪರಿಣಾಮವೂ ಅಲ್ಲಲ್ಲಿ: ಹೈಪೋಥಲಾಮಸ್‌ನಲ್ಲಿ ಹಸಿವು ಕೆರಳುತ್ತದೆ, ಹಿಪೊಕ್ಯಾಂಪಸ್‌ನಲ್ಲಿ ನೆನಪು ಮಸುಕಾಗುತ್ತದೆ, ಸೆರೆಬೆಲ್ಲಮ್‌ನಲ್ಲಿ ಚಲನೆಯ ಹಿಡಿತ ಸಡಿಲಗೊಳ್ಳುತ್ತದೆ. ವಾಂತಿಯನ್ನು ಪ್ರಚೋದಿಸುವ ನರಕೇಂದ್ರಗಳು ಶಾಂತವಾಗುತ್ತವೆ. ಉಸಿರಾಟ ನಿಯಂತ್ರಿಸುವ ಭಾಗದಲ್ಲಿ ಈ ಗ್ರಾಹಕಗಳು ಬಹಳ ಕಡಿಮೆ. ಅಫೀಮು ವರ್ಗದ ಮದ್ದಿನಂತೆ ಇದು ಉಸಿರು ನಿಲ್ಲಿಸದಿರುವುದು ಅದರಿಂದಲೇ. ಎದೆಬಡಿತವನ್ನಂತೂ ಏರಿಸುತ್ತದೆ, ಕೆಲವರಲ್ಲಿ ತೀವ್ರ ಭಯ, ಭ್ರಮೆಯೂ ಹುಟ್ಟಬಹುದು.

ಕೃತಕ ಟಿಎಚ್‌ಸಿಯ ಮಾತ್ರೆಗೆ ಅಮೆರಿಕ ಸರ್ಕಾರ 1985ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಏಡ್ಸ್ ರೋಗಿಗಳ ತೂಕ ಇಳಿಕೆಗೂ 1992ರಲ್ಲಿ ಅದಕ್ಕೆ ಮಾನ್ಯತೆ ಬಂತು. ಆದರೆ ನುಂಗಿದ್ದೆಲ್ಲ ವಾಂತಿಯಾಗುವವನಿಗೆ ಮಾತ್ರೆಯಿಂದ ಏನು ಬಂತು? ಸೇದುವವನಿಗಾದರೆ ಸಾಕೆನಿಸಿದಲ್ಲಿ ನಿಲ್ಲಿಸಬಹುದಿತ್ತು. ಮಾತ್ರೆಗೆ ಅನುಮತಿ ಕೊಟ್ಟು ಗಿಡಕ್ಕೆ ಜೈಲು ತೋರಿಸಿದ ನೀತಿ ಕ್ರೂರವಾದುದು.

ಕ್ಯಾಸ್ಟ್ರೊ ಬಡಾವಣೆಯ ಡೆನಿಸ್ ಪೆರಾನ್ ವಿಯೆಟ್ನಾಂನಿಂದ ಮರಳಿದ ಯೋಧ. ಸಂಗಾತಿ ಜೊನಾಥನ್ ವೆಸ್ಟ್ 1990ರಲ್ಲಿ ಏಡ್ಸ್‌ನಿಂದ ತೀರಿಕೊಂಡ ಬಳಿಕ ಪೆರಾನ್ ಮುಂದಾಳುತನ ವಹಿಸಿ 1991ರ ನವೆಂಬರ್‌ನಲ್ಲಿ ಗಾಂಜಾವನ್ನು ಔಷಧವಾಗಿ ಒಪ್ಪಬೇಕೆನ್ನುವ ಪ್ರೊಪೊಸಿಷನ್ ಪಿ ಎಂಬ ನಿರ್ಣಯವನ್ನು ನಗರದ ಮತದಾರರ ಮುಂದಿಟ್ಟರು. ಸುಮಾರು ಐವರಲ್ಲಿ ನಾಲ್ವರು ಒಪ್ಪಿದರು. ಪೆರಾನ್ ಕಟ್ಟಿದ ಗಾಂಜಾ ಕೊಳ್ಳುವವರ ಸಂಘ ಮಾರ್ಕೆಟ್ ಸ್ಟ್ರೀಟಿನಲ್ಲಿ ನಡೆಯಿತು. 1992ರಲ್ಲಿ ಸೊನೋಮಾ ಕೌಂಟಿಯಲ್ಲಿ ಬ್ರೌನಿ ಮೇರಿ ಮತ್ತೆ ಬಂಧಿತರಾದಾಗ, ಅದೇ ವರ್ಷದ ಆಗಸ್ಟ್ 25ನ್ನು ನಗರದ ಆಡಳಿತ ಮಂಡಳಿ ಆಕೆಯ ಹೆಸರಿನ ದಿನವೆಂದು ಸಾರಿತು. 1996ರ ಆಗಸ್ಟ್‌ನಲ್ಲಿ ರಾಜ್ಯದ ಅಧಿಕಾರಿಗಳು ಸಂಘದ ಮೇಲೆ ದಾಳಿ ಮಾಡಿ ಬಾಗಿಲು ಹಾಕಿಸಿದರು. ಮೂರು ತಿಂಗಳಲ್ಲಿ, ನವೆಂಬರ್ 5ರಂದು, ಕ್ಯಾಲಿಫೋರ್ನಿಯಾ ಪ್ರೊಪೊಸಿಷನ್ 215ನ್ನು ಅಂಗೀಕರಿಸಿ ಗಾಂಜಾದ ವೈದ್ಯಕೀಯ ಬಳಕೆಗೆ ಅವಕಾಶ ಕೊಟ್ಟಿತು.

ವಿಜ್ಞಾನಕ್ಕೆ ಹಾದಿ ಇನ್ನೂ ಕಠಿಣವಾಗಿತ್ತು. ಅದೇ ಆಸ್ಪತ್ರೆಯ ಕ್ಯಾನ್ಸರ್ ತಜ್ಞ ಡೊನಾಲ್ಡ್ ಏಬ್ರಮ್ಸ್ ರೋಗಿಗಳ ಮೇಲೆ ಅಧ್ಯಯನ ನಡೆಸಲು ವರ್ಷಗಟ್ಟಲೆ ಅನುಮತಿ ಕೇಳಿದರೂ ಕೇಂದ್ರ ಸಂಸ್ಥೆಗಳು ಗಾಂಜಾ ಒದಗಿಸಲಿಲ್ಲ. 1997ರಲ್ಲಿ ಹಣ ಮಂಜೂರಾದದ್ದು ಗಾಂಜಾದ ಗುಣವನ್ನು ಅಳೆಯಲು ಅಲ್ಲ, ಅದು ಎಚ್‌ಐವಿ ರೋಗಿಗಳಿಗೆ ಅಪಾಯಕಾರಿಯೇ ಎಂದು ನೋಡಲು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಲ್ಪಾವಧಿಯ ಆ ಅಧ್ಯಯನದಲ್ಲಿ ರಕ್ತದಲ್ಲಿನ ವೈರಸ್ ಪ್ರಮಾಣ ಹೆಚ್ಚಲಿಲ್ಲ. 2007ರಲ್ಲಿ ಏಬ್ರಮ್ಸ್ ತಂಡ ಎಚ್‌ಐವಿಯಿಂದ ನರಶೂಲೆ ಬಂದ 50 ಜನರ ಅಧ್ಯಯನವನ್ನು ಪ್ರಕಟಿಸಿತು: ಗಾಂಜಾ ಸೇದಿದವರ ನೋವು ಶೇ 34ರಷ್ಟು ಇಳಿದರೆ, ಟಿಎಚ್‌ಸಿ ತೆಗೆದ ಸಿಗರೇಟು ಸೇದಿದವರಲ್ಲಿ ಶೇ 17.

ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರಿಗೆ ಗಾಂಜಾದ ಮುಕ್ತ ಮಾರಾಟ 2018ರ ಜನವರಿ 1ರಂದು ಆರಂಭವಾಯಿತು. ಈಗ ರಾಜ್ಯದ ನಿಯಮದಂತೆ ಅಂಗಡಿಯ ತಿನಿಸಿನ ಒಂದು ತುಂಡಿನಲ್ಲಿ 10 ಮಿಲಿಗ್ರಾಂ, ಇಡೀ ಪೊಟ್ಟಣದಲ್ಲಿ 100 ಮಿಲಿಗ್ರಾಂ ಟಿಎಚ್‌ಸಿಯನ್ನು ಮೀರುವಂತಿಲ್ಲ. ಏನೂ ಆಗಲಿಲ್ಲವೆಂದು ಗಂಟೆಯೊಳಗೆ ಎರಡನೇ ತುಂಡು ತಿಂದವರಿಗೆ ಎರಡರ ಅಮಲೂ ಒಟ್ಟಿಗೆ ಏರುವುದರಿಂದ ಈ ಮಿತಿ ಮುಖ್ಯವಾಗುತ್ತದೆ.