ಮೂರನೆಯ ಹಳಿ
ಜಯನಗರದ ಮೆಟ್ರೋ ನಿಲ್ದಾಣದಲ್ಲಿ ನಿಂತು ನೋಡಿ, ರೈಲಿನ ನೆತ್ತಿಯ ಮೇಲೆ ತಂತಿಯೇ ಇಲ್ಲ! 1925ರಲ್ಲಿ ಮುಂಬಯಿಯಲ್ಲಿ ಓಡಿದ ದೇಶದ ಮೊದಲ ವಿದ್ಯುತ್ ರೈಲಿಗೆ ತಂತಿ ಮೇಲಿತ್ತು. ಆದರೆ 1879ರಲ್ಲಿ ಬರ್ಲಿನ್‌ನಲ್ಲಿ ಸೀಮೆನ್ಸ್ ಓಡಿಸಿದ ಪುಟ್ಟ ರೈಲಿಗೆ ವಿದ್ಯುತ್ತು ಬಂದದ್ದು ನೆಲದ ಹಳಿಯಿಂದಲೇ. 2017ರ ಜೂನ್‌ನಲ್ಲಿ ಯಲಚೇನಹಳ್ಳಿ ಮುಟ್ಟಿದ ನಮ್ಮ ಹಸಿರು ಮಾರ್ಗದ್ದೂ ಅದೇ ವಂಶ. ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿ.ಸಿ. ವಿದ್ಯುತ್ತು. ಬೋಗಿಯ ಅಡಿಯಿಂದ ಚಾಚಿದ ‘ಶೂ’ ಅದನ್ನು ಸವರಿಕೊಂಡು ಸಾಗುತ್ತದೆ. ಮೇಲೆ ತಂತಿಯಿಲ್ಲದ್ದರಿಂದ ಸುರಂಗ ಕಿರಿದಾದರೂ ಸಾಕು. ಬ್ರೇಕ್ ಹಾಕಿದಾಗ ಮೋಟರೇ ಜನರೇಟರಾಗಿ ವಿದ್ಯುತ್ತನ್ನು ಹಳಿಗೆ ಮರಳಿಸುತ್ತದೆ; ನನಗೆ ಬಹಳ ಸೊಗಸೆನಿಸುವುದು ಇದೇ.

2024ರ ಜನವರಿ 1ರಂದು ಇಂದಿರಾನಗರದಲ್ಲಿ ಮೊಬೈಲಿಗಾಗಿ ಒಬ್ಬರು ಹಳಿಗಿಳಿದಾಗ ವಿದ್ಯುತ್ತನ್ನೇ ಕಡಿಯಬೇಕಾಯಿತು. ನಿಮ್ಮದೇನಾದರೂ ಬಿದ್ದರೆ ಇಳಿಯಬೇಡಿ, ಸಿಬ್ಬಂದಿಯನ್ನು ಕರೆಯಿರಿ.